ಮಂಡಿ ಆಪರೇಷನ್: ರೋಬೋಟ್ ಬೇಕಾ, ಸಾದಾ ಸಾಕಾ?

ಅಮ್ಮನ ಮಂಡಿ ಬದಲಿಸಿ ಎರಡು ವರ್ಷ ಆಯಿತು. ಅಂದಿನಿಂದ ತಿಂಗಳಿಗೆ ಒಬ್ಬರಾದರೂ ಫೋನ್ ಮಾಡುತ್ತಾರೆ. "ರೋಬೋಟ್‌ನಲ್ಲಿ ಮಾಡಿಸಿದ್ದಾ, ಸಾದಾದ್ದಾ? ನಮಗೆ ಎಂತ ಮಾಡುದಂತ ಗೊತ್ತಾಗ್ತಾ ಇಲ್ಲ ಮಾರಾಯ್ರೆ." ಒಬ್ಬೊಬ್ಬರಿಗೂ ಅರ್ಧರ್ಧ ಗಂಟೆ ಹೇಳಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಅಮ್ಮನ ಒಂದು ಮಂಡಿ, ಮಾವನ ಒಂದು ಮಂಡಿ, ಇಷ್ಟಕ್ಕಾಗಿ ಎಕ್ಸ್‌ರೇ ಕವರ್ ಹಿಡಿದು ಉಡುಪಿ, ಮಣಿಪಾಲ, ಮಂಗಳೂರು ಸುತ್ತಿದವನು.

ಅಮ್ಮ ಶಂಕರಪುರದವಳು. ನಲವತ್ತು ವರ್ಷ ನೆಲದಲ್ಲಿ ಕಾಲು ಮಡಚಿ ಕೂತು, ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟಿದವಳು. ಕೊನೆಕೊನೆಗೆ ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲಿಡುವಾಗ ಕಂಬಿ ಹಿಡಿದು, ಕಣ್ಣು ಮುಚ್ಚಿ, ಒಂದು ಸಲ ಉಸಿರು ಎಳೆದುಕೊಳ್ಳುತ್ತಿದ್ದಳು. ಕಂಡಕ್ಟರ್ ಸೀಟಿ ಊದಲು ಶುರು ಮಾಡುತ್ತಿದ್ದ. ಆಪರೇಷನ್ ಬೇಕೇಬೇಕು ಎಂದು ನಮಗೆ ಗೊತ್ತಾದದ್ದು ಅಲ್ಲಿ, ಎಕ್ಸ್‌ರೇಯಲ್ಲಿ ಅಲ್ಲ.

ಒಂದು ಆಸ್ಪತ್ರೆಯ ಕೌನ್ಸೆಲಿಂಗ್ ಟೇಬಲ್‌ನಲ್ಲಿ ನಮಗೆ ಎರಡು ಎಸ್ಟಿಮೇಟ್ ಕೊಟ್ಟರು. ಒಂದು ಸಾದಾ, ಇನ್ನೊಂದು ರೋಬೋಟ್. ನಡುವೆ ಒಂದು ಲಕ್ಷಕ್ಕೂ ಮಿಕ್ಕಿ ವ್ಯತ್ಯಾಸ. ಟ್ಯಾಬ್‌ನಲ್ಲಿ ವಿಡಿಯೋ ತೋರಿಸಿದ ಹುಡುಗಿ "ರೋಬೋಟ್ ಆದ್ರೆ ನೋವೇ ಇರೋದಿಲ್ಲ ಸರ್" ಎಂದಳು. ಆ ಲಕ್ಷ ಯಾವುದಕ್ಕೆ ಎಂದು ಕೇಳಿದೆ. "ಟೆಕ್ನಾಲಜಿ ಸರ್" ಎಂದಳು. ಅಷ್ಟೇ. ನೋವೇ ಇರುವುದಿಲ್ಲ ಎನ್ನುವುದು ಸುಳ್ಳು. ಯಾವ ವಿಧಾನದಲ್ಲಿ ಮಾಡಿದರೂ ಮೊದಲ ಕೆಲವು ವಾರ ನೋವು ಇದ್ದೇ ಇರುತ್ತದೆ. ಇದನ್ನು ಹೇಳಿದ್ದು ಆಮೇಲೆ ಸಿಕ್ಕ ಸರ್ಜನ್, ಅದೂ ಬೇರೆ ಆಸ್ಪತ್ರೆಯಲ್ಲಿ.

ಒಳಗೆ ಎಂತ ಮಾಡುತ್ತಾರೆ

ತೊಡೆಮೂಳೆಯ ಕೆಳತುದಿ ಮತ್ತು ಅದರ ಕೆಳಗೆ ಬರುವ ಕಾಲಿನ ಮೂಳೆಯ ಮೇಲ್ತುದಿ ಸವೆದಿರುತ್ತವೆ. ಆ ಸವೆದ ಮೇಲ್ಮೈಯನ್ನು ಕೆಲವೇ ಮಿಲಿಮೀಟರ್ ದಪ್ಪಕ್ಕೆ ಗರಗಸದಲ್ಲಿ ಕತ್ತರಿಸುತ್ತಾರೆ. ಮೇಲಿನದಕ್ಕೆ ಲೋಹದ ಟೋಪಿ, ಕೆಳಗಿನದಕ್ಕೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್. ಈ ಮೂರಕ್ಕೂ ಸೇರಿ ಇಂಪ್ಲಾಂಟ್ ಎನ್ನುತ್ತಾರೆ. ಮಂಡಿ ಬದಲಿಸುವುದು ಅಂತ ನಾವು ಹೇಳುತ್ತೇವೆ. ನಿಜ ನೋಡಿದರೆ ಇದು ಹಲ್ಲಿಗೆ ಕ್ಯಾಪ್ ಕೂರಿಸಿದ ಹಾಗೆ.

ಕಷ್ಟ ಇರುವುದು ಕೋನದಲ್ಲಿ. ಸೊಂಟದ ಕೀಲಿನ ನಡುವಿಂದ ಪಾದದ ಗಂಟಿನ ನಡುವಿಗೆ ಒಂದು ನೇರ ಗೆರೆ ಎಳೆದರೆ ಅದು ಮಂಡಿಯ ಮಧ್ಯದಲ್ಲಿ ಹಾದು ಹೋಗಬೇಕು ಎಂಬುದು ಹಳೆಯ ಲೆಕ್ಕ. 3 ಡಿಗ್ರಿ ಆಚೀಚೆ ಪರವಾಗಿಲ್ಲ. ಆದರೆ ಆಪರೇಷನ್ ಟೇಬಲ್ ಮೇಲೆ ಸೊಂಟ ಬಟ್ಟೆಯೊಳಗೆ ಇರುತ್ತದೆ. ಸರ್ಜನ್‌ಗೆ ಕಾಣುವುದು ಬಿಚ್ಚಿದ ಮಂಡಿ ಮಾತ್ರ. ಆ ಕಾಣದ ಗೆರೆಯನ್ನು ಹಿಡಿಯುವುದು ಹೇಗೆ? ಸಾದಾ, ನ್ಯಾವಿಗೇಷನ್, ರೋಬೋಟ್, ಆಗ್ಮೆಂಟೆಡ್ ರಿಯಾಲಿಟಿ ಕನ್ನಡಕ, ಇವೆಲ್ಲ ಇದೊಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ.

ಅಳೆಯುವುದು ಯಾವುದರಿಂದ

ನಾನು ಮೊದಲು ನೋಡಿದ್ದು ಸರ್ಜನ್‌ರನ್ನು. ಅವರು ವರ್ಷಕ್ಕೆ ಎಷ್ಟು ಮಂಡಿ ಮಾಡುತ್ತಾರೆ, ಅದರಲ್ಲಿ ಈ ವಿಧಾನದಲ್ಲಿ ಎಷ್ಟು. ಎರಡನೆಯದು ರೋಗಿಯ ಮೂಳೆ: ಸಾಮಾನ್ಯ ಸವೆತವಾ, ಕಾಲು ತೀರಾ ಬಿಲ್ಲಿನ ಹಾಗೆ ಬಾಗಿದೆಯಾ, ಹಳೆಯ ಮುರಿತ ಉಂಟಾ, ರಾಡ್ ಉಂಟಾ. ಆಮೇಲೆ ಬಿಲ್. ಬಿಲ್ ಎಂದರೆ ಆಪರೇಷನ್‌ನದ್ದು ಮಾತ್ರವಲ್ಲ, ಮನೆಗೆ ಬಂದ ಮೇಲಿನ ಆರು ವಾರದ ಫಿಸಿಯೋಥೆರಪಿಯೂ ಸೇರಿ. ಇನ್ನುಳಿದದ್ದು ಯಂತ್ರದ ಬಾಬ್ತು: ಹೆಚ್ಚಿನ ಸಮಯ, ಮೂಳೆಗೆ ಚುಚ್ಚುವ ಪಿನ್‌ಗಳು, ಸಿಟಿ ಸ್ಕ್ಯಾನ್, ಮತ್ತು ನಡುವೆ ಯಂತ್ರ ಕೈಕೊಟ್ಟರೆ ಏನು ಎಂಬುದು.

ಇವುಗಳಿಗೆ ಸಮ ತೂಕ ಇಲ್ಲ. ಸರ್ಜನ್‌ರ ಕೈ ಒಂದು ತಟ್ಟೆಯಲ್ಲಿ, ಉಳಿದದ್ದೆಲ್ಲ ಇನ್ನೊಂದು ತಟ್ಟೆಯಲ್ಲಿ ಇಟ್ಟರೂ ನಾನು ಮೊದಲನೆಯದನ್ನೇ ಎತ್ತಿಕೊಳ್ಳುತ್ತೇನೆ.

ಸಾದಾ ವಿಧಾನ

ತೊಡೆಮೂಳೆಯ ತುದಿಯಲ್ಲಿ ಒಂದು ರಂಧ್ರ ಕೊರೆದು, ಮಜ್ಜೆ ಇರುವ ಪೊಳ್ಳಿನೊಳಗೆ ಉದ್ದದ ಸಲಾಕೆ ತೂರಿಸುತ್ತಾರೆ. ಅದಕ್ಕೆ ಜಿಗ್ ಎಂಬ ಲೋಹದ ಅಚ್ಚು ಕೂರಿಸಿ, ಅಚ್ಚಿನ ಸೀಳಿನಲ್ಲಿ ಗರಗಸ ಆಡಿಸುತ್ತಾರೆ. ಬಡಗಿ ಮಟ್ಟಗೋಲು ಇಟ್ಟು ಕೊಯ್ದ ಹಾಗೆ. ಎಕ್ಸ್‌ರೇ ನೋಡಿ ಕೋನ ಮೊದಲೇ ಲೆಕ್ಕ ಹಾಕಿರುತ್ತಾರೆ.

ಇದನ್ನು ಹಳೇ ಕಾಲದ್ದು ಅಂತ ತಳ್ಳಿಬಿಡಬೇಡಿ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಪೂರ್ತಿ ಬದಲಿಸಿದ ಮಂಡಿಗಳಲ್ಲಿ ಶೇ. 82ರಷ್ಟು 25 ವರ್ಷ ಬಾಳುತ್ತವೆ. 25 ವರ್ಷದ ಹಿಂದೆ ಹಾಕಿದ ಮಂಡಿಗಳು ಎಂದರೆ ಹೆಚ್ಚುಕಮ್ಮಿ ಎಲ್ಲ ಸಾದಾ ವಿಧಾನದ್ದೇ ಅಲ್ವಾ? ಅರವತ್ತೈದು ದಾಟಿದ ನಮ್ಮ ಅಮ್ಮಂದಿರಿಗೆ ಇನ್ನೆಷ್ಟು ಬೇಕು?

ಕೊರತೆಯೂ ಉಂಟು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ನೋಡಿದಾಗ, ಸಾದಾ ವಿಧಾನದಲ್ಲಿ ಸುಮಾರು ಶೇ. 32ರಷ್ಟು ಮಂಡಿಗಳು ಆ 3 ಡಿಗ್ರಿಯ ಆಚೆ ಹೋಗಿದ್ದವು. ಕಂಪ್ಯೂಟರ್ ಸಹಾಯ ಇದ್ದಲ್ಲಿ ಶೇ. 9. ವ್ಯತ್ಯಾಸ ದೊಡ್ಡದೇ. ಆದರೆ 2010ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ತಮ್ಮಲ್ಲಿ ಹಾಕಿದ ಮಂಡಿಗಳನ್ನು 15 ವರ್ಷದ ನಂತರ ತಿರುಗಿ ನೋಡಿದರು. 3 ಡಿಗ್ರಿಯ ಒಳಗಿದ್ದವು ಹೊರಗಿದ್ದವುಗಳಿಗಿಂತ ಹೆಚ್ಚು ಬಾಳಿರಲಿಲ್ಲ! ಈ ಎರಡು ಸಂಗತಿಗಳನ್ನು ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳಿ. ಕೋನ ನಿಖರವಾಗಿ ಸಿಗುವುದು ಒಂದು ಮಾತು, ಮಂಡಿ ಜಾಸ್ತಿ ವರ್ಷ ಬಾಳುವುದು ಇನ್ನೊಂದು ಮಾತು.

ನ್ಯಾವಿಗೇಷನ್: ಯಾರೂ ಜಾಹೀರಾತು ಹಾಕದ್ದು

1997ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮೊದಲ ಸಲ ಕಂಪ್ಯೂಟರ್ ನ್ಯಾವಿಗೇಷನ್ ಇಟ್ಟು ಮಂಡಿ ಬದಲಿಸಿದರು. ತೊಡೆಮೂಳೆಗೂ ಕೆಳಗಿನ ಮೂಳೆಗೂ ಸಣ್ಣ ಪಿನ್ ಚುಚ್ಚಿ, ಅದರ ಮೇಲೆ ಬೆಳಕನ್ನು ಪ್ರತಿಫಲಿಸುವ ಪುಟ್ಟ ಗೋಲಿಗಳಿರುವ ಒಂದು ಕವಲು ಕೂರಿಸುತ್ತಾರೆ. ಆಚೆ ನಿಂತ ಇನ್‌ಫ್ರಾರೆಡ್ ಕ್ಯಾಮೆರಾ ಆ ಗೋಲಿಗಳನ್ನು ನೋಡುತ್ತಿರುತ್ತದೆ. ಸರ್ಜನ್ ಕಾಲನ್ನು ಹಿಡಿದು ಗಿರಗಿರ ತಿರುಗಿಸುತ್ತಾರೆ. ಆ ತಿರುಗಾಟದಿಂದಲೇ ಸೊಂಟದ ಕೀಲಿನ ಮಧ್ಯ ಎಲ್ಲಿ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಬಟ್ಟೆಯೊಳಗಿನ ಸೊಂಟ ಹೀಗೆ ಸಿಕ್ಕಿತು. ಸಿಟಿ ಸ್ಕ್ಯಾನ್ ಬೇಡ, ತೊಡೆಮೂಳೆಯೊಳಗೆ ಸಲಾಕೆಯೂ ಬೇಡ. ಅಚ್ಚನ್ನು ಯಾವ ಕೋನಕ್ಕೆ ಇಟ್ಟಿದ್ದೀರಿ ಎಂದು ಸ್ಕ್ರೀನ್ ಹೇಳುತ್ತದೆ. ಕತ್ತರಿಸುವುದು ಮಾತ್ರ ಸರ್ಜನ್‌ರ ಕೈಯೇ.

ತಂಟೆಗಳು ಚಿಕ್ಕವು. ಕ್ಯಾಮೆರಾಗೂ ಗೋಲಿಗೂ ನಡುವೆ ಅಸಿಸ್ಟೆಂಟ್‌ನ ತಲೆ ಬಂದರೆ ಸ್ಕ್ರೀನ್ ಖಾಲಿ. ಗೋಲಿಗೆ ರಕ್ತ ಸಿಡಿದರೆ ಒರೆಸಬೇಕು. ಪಿನ್ ಹಾಕಿದ ಜಾಗದಲ್ಲಿ ಸ್ವಲ್ಪ ದಿನ ನೋವು ಇರಬಹುದು. ಅಪರೂಪಕ್ಕೆ ಅಲ್ಲೇ ಮೂಳೆ ಬಿರುಕು ಬಿಟ್ಟದ್ದೂ ಉಂಟು.

ಮಾವನ ಕಥೆ ಇಲ್ಲಿ ಬರುತ್ತದೆ. ಹದಿನೈದು ವರ್ಷದ ಹಿಂದೆ ಹೈವೇಯಲ್ಲಿ, ಕಟಪಾಡಿಯ ಹತ್ತಿರ ಬೈಕ್ ಬಿದ್ದು ಅವರ ತೊಡೆಗೆ ರಾಡ್ ಹಾಕಿದ್ದರು. ಈಗ ಅದೇ ಕಾಲಿನ ಮಂಡಿ ಸವೆದಿದೆ. ಸಲಾಕೆ ತೂರಿಸುವ ದಾರಿಯಲ್ಲಿ ರಾಡ್ ಕೂತಿದೆ. ಸರ್ಜನ್ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ರಾಡ್‌ನ ತುದಿಗೆ ಪೆನ್ ಇಟ್ಟು, "ಇದನ್ನು ತೆಗೀಲಿಕ್ಕೆ ಇನ್ನೊಂದು ಆಪರೇಷನ್ ಯಾಕೆ? ನ್ಯಾವಿಗೇಷನ್‌ನಲ್ಲಿ ಮಾಡುವ" ಎಂದರು. ಎರಡೇ ಮಾತು. ಇಂಥ ಕಡೆ ಯಂತ್ರಕ್ಕೆ ಕೊಡುವ ದುಡ್ಡು ನಿಜಕ್ಕೂ ಒಂದು ಕೆಲಸಕ್ಕೆ ಹೋಗುತ್ತದೆ.

ಇನ್ನೊಂದು ವಿಷಯ. ಆಸ್ಟ್ರೇಲಿಯಾದಲ್ಲಿ ದೇಶದ ಎಲ್ಲ ಮಂಡಿ ಆಪರೇಷನ್‌ಗಳ ದಾಖಲೆ ಇಡುತ್ತಾರೆ. 65ರ ಕೆಳಗಿನವರಲ್ಲಿ ನ್ಯಾವಿಗೇಷನ್ ಬಳಸಿದಾಗ ಮತ್ತೊಮ್ಮೆ ಆಪರೇಷನ್ ಮಾಡಬೇಕಾದ ಪ್ರಮಾಣ ಕಡಿಮೆ ಎಂದು ಅಲ್ಲಿ ಕಂಡಿದೆ. ವಯಸ್ಸು ಐವತ್ತೈದು, ಅರವತ್ತು ಇರುವವರು ಇದನ್ನು ಗಮನಿಸಿ. ದುಃಖದ ವಿಷಯ ಏನೆಂದರೆ ರೋಬೋಟ್ ಬಂದ ಮೇಲೆ ಇದನ್ನು ಕೇಳುವವರೇ ಇಲ್ಲ. ನೀವೇ ಬಾಯಿಬಿಟ್ಟು ಕೇಳಬೇಕು.

ರೋಬೋಟ್

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಆಸ್ಪತ್ರೆಯ ಬೋರ್ಡ್‌ನಲ್ಲಿ ರೋಬೋಟಿಕ್ ಸರ್ಜರಿ ಅಂತ ಇದ್ದರೆ ಅದು ಮಂಡಿಯ ರೋಬೋಟ್ ಎಂದೇ ಅರ್ಥವಲ್ಲ. ಪ್ರಾಸ್ಟೇಟ್, ಗರ್ಭಕೋಶದ ಆಪರೇಷನ್‌ಗೆ ಬಳಸುವ ಡಾ ವಿಂಚಿ ಎಂಬ ಯಂತ್ರ ಬೇರೆ, ನಮ್ಮ ದೇಶದ್ದೇ ಆದ ಎಸ್‌ಎಸ್‌ಐ ಮಂತ್ರವೂ ಆ ಜಾತಿಯದ್ದೇ. ಅವುಗಳಲ್ಲಿ ಸರ್ಜನ್ ದೂರದ ಕನ್ಸೋಲ್‌ನಲ್ಲಿ ಕೂತು ಕೈ ಆಡಿಸುತ್ತಾರೆ. ಮಂಡಿಯ ರೋಬೋಟ್‌ನಲ್ಲಿ ಸರ್ಜನ್ ಟೇಬಲ್ ಪಕ್ಕದಲ್ಲೇ ನಿಂತಿರುತ್ತಾರೆ.

ಮಂಡಿಯದ್ದರಲ್ಲೂ ಒಂದೇ ಥರ ಇಲ್ಲ. ಸ್ಟ್ರೈಕರ್ ಕಂಪನಿಯ ಮ್ಯಾಕೋಗೆ ಮೊದಲೇ ಸಿಟಿ ಸ್ಕ್ಯಾನ್ ಬೇಕು. ಅದರಿಂದ ನಿಮ್ಮ ಮಂಡಿಯ ಮೂರು ಆಯಾಮದ ಚಿತ್ರ ಮಾಡಿ, ಎಲ್ಲಿ ಎಷ್ಟು ಕತ್ತರಿಸಬೇಕೆಂದು ಹಿಂದಿನ ದಿನವೇ ಗುರುತು ಹಾಕುತ್ತಾರೆ. ಗರಗಸ ಹಿಡಿಯುವುದು ಸರ್ಜನ್, ಆದರೆ ಅದು ರೋಬೋಟ್ ತೋಳಿನ ತುದಿಯಲ್ಲಿರುತ್ತದೆ. ಗುರುತಿನ ಗಡಿ ದಾಟಲು ಹೋದರೆ ತೋಳು ತಡೆಯುತ್ತದೆ. ಸ್ಮಿತ್ ಆಂಡ್ ನೆಫ್ಯೂ ಕಂಪನಿಯ ಕೋರಿಗೆ ಸಿಟಿ ಬೇಡ, ಆಪರೇಷನ್ ಹೊತ್ತಿನಲ್ಲೇ ಮೂಳೆಯ ಮೇಲೆ ಒಂದು ಮೊನಚು ಕಡ್ಡಿ ಆಡಿಸಿ ಅದರ ಆಕಾರ ದಾಖಲಿಸುತ್ತಾರೆ. ಕ್ಯೂವಿಸ್ ಎಂಬುದು ಯೋಜನೆ ಕೊಟ್ಟ ಮೇಲೆ ತಾನೇ ಮೂಳೆಯನ್ನು ಕೊರೆಯುತ್ತದೆ, ಸರ್ಜನ್ ನಿಗಾ ಇಟ್ಟು ಬೇಕಾದಾಗ ನಿಲ್ಲಿಸುತ್ತಾರೆ. ಕ್ಯಾಮೆರಾ, ಗೋಲಿ, ಪಿನ್‌ಗಳು ಇವೆಲ್ಲದರಲ್ಲೂ ಉಂಟು. ರೋಬೋಟ್ ಎಂದರೆ ನ್ಯಾವಿಗೇಷನ್‌ಗೆ ಕೈ ಬಂದ ಹಾಗೆ.

ಲಾಭ ಏನು? ಕತ್ತರಿಸುವುದು ನಿಖರ. ಮಂಡಿಯ ಎರಡು ಬದಿಯಲ್ಲಿ ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳು, ಅಂದರೆ ಲಿಗಮೆಂಟ್‌ಗಳು ಎಷ್ಟು ಬಿಗಿ ಎಂದು ಕತ್ತರಿಸುವ ಮೊದಲೇ ಮಿಲಿಮೀಟರ್ ಲೆಕ್ಕದಲ್ಲಿ ನೋಡಿ, ಯೋಜನೆಯನ್ನು ಸ್ವಲ್ಪ ಬದಲಿಸಿಕೊಳ್ಳಬಹುದು. ನನಗೆ ಇದೇ ದೊಡ್ಡ ಲಾಭ ಅನಿಸಿತು. ಮಂಡಿಯ ಒಂದೇ ಬದಿ ಸವೆದಿದ್ದು ಅರ್ಧ ಮಂಡಿ ಮಾತ್ರ ಬದಲಿಸುವುದಾದರೆ ರೋಬೋಟ್‌ಗೆ ಇನ್ನೂ ಬೆಲೆ ಬರುತ್ತದೆ. ಜಾಗ ಕಿರಿದು, ತಪ್ಪಿಗೆ ಅವಕಾಶ ಕಡಿಮೆ. ತೊಡೆಮೂಳೆಯ ಪೊಳ್ಳಿಗೆ ಸಲಾಕೆ ಹೋಗದ್ದರಿಂದ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರುವುದೂ ಕಡಿಮೆ. ಎರಡೂ ಮಂಡಿಯನ್ನು ಒಟ್ಟಿಗೆ ಮಾಡಿಸುವವರು, ಶ್ವಾಸಕೋಶ ಅಷ್ಟು ಚೆನ್ನಾಗಿಲ್ಲದವರು ಇದನ್ನು ಡಾಕ್ಟರ್ ಹತ್ತಿರ ಮಾತಾಡಿ.

ಆದರೆ ದೂರದ ಲೆಕ್ಕ ನೋಡಿ. ಕೊರಿಯಾದಲ್ಲಿ ಒಬ್ಬರೇ ಸರ್ಜನ್ ಸಾವಿರಕ್ಕೂ ಹೆಚ್ಚು ಜನರಿಗೆ ಮಾಡಿದ ಆಪರೇಷನ್‌ಗಳನ್ನು ಕನಿಷ್ಠ 10 ವರ್ಷ ಹಿಂಬಾಲಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ಜನರಿಗೆ ರೋಬೋಟ್, ಅರ್ಧ ಜನರಿಗೆ ಸಾದಾ. ನಡಿಗೆ, ನೋವು, ಮಂಡಿಯ ಬಾಳಿಕೆ, ಯಾವುದರಲ್ಲೂ ವ್ಯತ್ಯಾಸ ಸಿಗಲಿಲ್ಲ. ಅಲ್ಲಿ ಬಳಸಿದ್ದು ರೋಬೊಡಾಕ್ ಎಂಬ ಹಳೆಯ ತಲೆಮಾರಿನ ಯಂತ್ರ, ಈಗಿನವು ಅದಕ್ಕಿಂತ ಚುರುಕು. ಅದನ್ನೂ ಹೇಳಲೇಬೇಕು.

ಇನ್ನು ಕಷ್ಟದ ಬದಿ. ದುಡ್ಡು ಜಾಸ್ತಿ. ಸಮಯ ಜಾಸ್ತಿ, ಅದರಲ್ಲೂ ಸರ್ಜನ್‌ಗೆ ಹೊಸತಾಗಿದ್ದರೆ. ಮ್ಯಾಕೋ ಹಾಕಿದರೆ ಸ್ಟ್ರೈಕರ್‌ನ ಇಂಪ್ಲಾಂಟ್‌ಗಳನ್ನೇ ಹಾಕಬೇಕು. ಅಂದರೆ ನೀವು ರೋಬೋಟ್ ಆರಿಸಿದಿರಿ ಅಂದುಕೊಂಡಾಗ ಇಂಪ್ಲಾಂಟ್ ಕಂಪನಿಯನ್ನೂ ಆರಿಸಿ ಆಗಿದೆ. ಇದನ್ನು ಕೌನ್ಸೆಲಿಂಗ್ ಟೇಬಲ್‌ನಲ್ಲಿ ನಮಗೆ ಯಾರೂ ಹೇಳಲಿಲ್ಲ.

ಕನ್ನಡಕದ ಕಥೆ

ಆಗ್ಮೆಂಟೆಡ್ ರಿಯಾಲಿಟಿ ಅಂದರೆ ಸರ್ಜನ್ ಒಂದು ಕನ್ನಡಕ ಹಾಕುತ್ತಾರೆ, ಕೋನದ ಅಂಕಿಗಳು ಮತ್ತು ಕತ್ತರಿಸುವ ಗೆರೆ ಕಣ್ಣ ಮುಂದೆಯೇ ತೇಲುತ್ತವೆ. ತಲೆ ತಿರುಗಿಸಿ ಸ್ಕ್ರೀನ್ ನೋಡುವ ಕೆಲಸ ಇಲ್ಲ. ಫ್ರಾನ್ಸಿನ ಪಿಕ್ಸೀ ಮೆಡಿಕಲ್‌ನ ನೀ ಪ್ಲಸ್ ಇಂಥದ್ದು. ಬೆನ್ನೆಲುಬಿಗೆ ಸ್ಕ್ರೂ ಹಾಕಲು ಬಳಸುವ ಎಕ್ಸ್‌ವಿಷನ್‌ಗೆ ಅಮೆರಿಕದಲ್ಲಿ 2019ರ ಡಿಸೆಂಬರ್‌ನಲ್ಲೇ ಅನುಮತಿ ಸಿಕ್ಕಿದೆ. ರೋಬೋಟ್‌ನಂತೆ ಅರ್ಧ ಕೋಣೆ ತುಂಬುವ ಯಂತ್ರ ಇಲ್ಲದ್ದರಿಂದ ಮುಂದೆ ನಮ್ಮಂಥ ಊರುಗಳ ಸಣ್ಣ ಆಸ್ಪತ್ರೆಗೂ ಹೊಂದಬಹುದಾದದ್ದು ಇದೇ ಅಂತ ನನ್ನ ಅಂದಾಜು.

ಸದ್ಯಕ್ಕೆ ಹುಳುಕುಗಳು ಉಂಟು. ಮೈಕ್ರೋಸಾಫ್ಟ್‌ನ ಹೋಲೋಲೆನ್ಸ್ ಥರದ ಕನ್ನಡಕದಲ್ಲಿ ಚಿತ್ರ ಸುಮಾರು 2 ಮೀಟರ್ ದೂರದಲ್ಲಿ ನಿಂತ ಹಾಗೆ ಕಣ್ಣು ಫೋಕಸ್ ಮಾಡಬೇಕು. ಕತ್ತರಿಸುವ ಮಂಡಿ ಇರುವುದು ಕೈಯಳತೆಯಲ್ಲಿ. ಎರಡೂ ಒಟ್ಟಿಗೆ ಸ್ಪಷ್ಟ ಕಾಣದು, ಕಣ್ಣು ದಣಿಯುತ್ತದೆ. ಮೈಕ್ರೋಸಾಫ್ಟ್ 2024ರಲ್ಲಿ ಹೋಲೋಲೆನ್ಸ್ 2 ತಯಾರಿಕೆಯನ್ನೇ ನಿಲ್ಲಿಸಿತು. ಹತ್ತು ಹದಿನೈದು ವರ್ಷದ ಫಲಿತಾಂಶ ಯಾರ ಹತ್ತಿರವೂ ಇಲ್ಲ, ವಸ್ತುವೇ ಹೊಸತು. ಕನ್ನಡಕ ಉಂಟು ಅಂತ ಆಸ್ಪತ್ರೆ ಆರಿಸಬೇಡಿ. ನಿಮ್ಮ ಸರ್ಜನ್ ಹೆಚ್ಚಿನ ದುಡ್ಡಿಲ್ಲದೆ ಬಳಸುತ್ತೇನೆ ಅಂದರೆ ಬೇಡ ಅನ್ನಲೂಬೇಡಿ.

ಹಾಗಾದರೆ ಯಾರಿಗೆ ಯಾವುದು

ವಯಸ್ಸು ಅರವತ್ತೈದು ದಾಟಿದೆ, ಸಾಮಾನ್ಯ ಸವೆತ, ಹಳೆಯ ಮುರಿತ ಇಲ್ಲ, ದುಡ್ಡು ಅಳೆದು ಸುರಿಯಬೇಕು. ಇಂಥವರಿಗೆ ತುಂಬ ಮಂಡಿ ಮಾಡಿದ ಸರ್ಜನ್‌ರ ಸಾದಾ ವಿಧಾನವೇ ಸಾಕು. ಅಮ್ಮನಿಗೆ ನಾವು ಮಾಡಿಸಿದ್ದು ಅದೇ. ಉಳಿದ ದುಡ್ಡಿನಲ್ಲಿ ಮನೆಗೆ ಫಿಸಿಯೋಥೆರಪಿಸ್ಟ್ ಬಂದರು, ಬಚ್ಚಲಲ್ಲಿ ಕಂಬಿ ಬಂತು, ಕಮೋಡ್ ಬಂತು. ಎರಡು ವಾರದೊಳಗೆ ಮಂಡಿ 90 ಡಿಗ್ರಿ ಬಗ್ಗಬೇಕು ಅಂತ ಆ ಫಿಸಿಯೋ ಹುಡುಗ ಹಿಡಿದ ಹಟ ಇಲ್ಲದಿದ್ದರೆ ಯಾವ ರೋಬೋಟ್ ಬಂದಿದ್ದರೂ ಅಮ್ಮ ಬಸ್ ಹತ್ತುತ್ತಿರಲಿಲ್ಲ. ಮಂಡಿ ಬದಲಿಸಿದ ಐವರಲ್ಲಿ ಒಬ್ಬರಿಗೆ ಪೂರ್ತಿ ತೃಪ್ತಿ ಆಗುವುದಿಲ್ಲ ಎಂದು ಅಧ್ಯಯನಗಳು ಹೇಳುತ್ತವೆ. ಆ ಒಬ್ಬರು ಆಗದಿರಲು ನಿಮ್ಮ ಕೈಯಲ್ಲಿರುವುದು ಮನೆಗೆ ಬಂದ ಮೇಲಿನ ಈ ಆರು ವಾರದ ಫಿಸಿಯೋಥೆರಪಿ.

ಅರವತ್ತೈದಕ್ಕಿಂತ ಚಿಕ್ಕವರು, ತೊಡೆಯಲ್ಲಿ ರಾಡ್ ಇರುವವರು, ಹಳೆಯ ಮುರಿತ ಸೊಟ್ಟಗೆ ಕೂಡಿಕೊಂಡವರು, ಕಾಲು ತೀರಾ ಬಾಗಿದವರು ನ್ಯಾವಿಗೇಷನ್ ಅಥವಾ ರೋಬೋಟ್ ಕೇಳಿ. ಎರಡೂ ಇದ್ದು ಬೆಲೆಯಲ್ಲಿ ಭಾರಿ ಅಂತರ ಇದ್ದರೆ ನಾನಾದರೆ ನ್ಯಾವಿಗೇಷನ್‌ಗೆ ಹೋಗುತ್ತೇನೆ. ಅರ್ಧ ಮಂಡಿ ಬದಲಿಸುವವರು ಮತ್ತು ಇನ್ಶೂರೆನ್ಸ್‌ನಿಂದ ಪೂರ್ತಿ ದುಡ್ಡು ಸಿಗುವವರು ರೋಬೋಟ್‌ಗೆ ಹೋಗಬಹುದು, ಸರ್ಜನ್ ಅದರಲ್ಲಿ ಪಳಗಿದ್ದರೆ ಮಾತ್ರ. ಹೊಸ ರೋಬೋಟ್‌ನ ಮೊದಲ ಹತ್ತಿಪ್ಪತ್ತು ಕೇಸ್‌ಗಳಲ್ಲಿ ನಿಮ್ಮ ಅಮ್ಮ ಒಬ್ಬರಾಗುವುದು ಬೇಡ.

ಮಾತ್ರೆ, ವ್ಯಾಯಾಮ, ತೂಕ ಇಳಿಸುವುದರಲ್ಲಿ ಇನ್ನೂ ನಡೆಯುತ್ತದೆ ಎನ್ನುವವರಿಗೆ ಇವು ಯಾವುದೂ ಈಗಲೇ ಬೇಡ.

ಒಂದು ಪ್ರಶ್ನೆ ನಮ್ಮ ಊರಿನವರೆಲ್ಲ ಕೇಳುವುದು. ಅಮ್ಮನೂ ಕೇಳಿದಳು: "ಮಠದಲ್ಲಿ ಪಂಕ್ತಿಯಲ್ಲಿ ಕೂತು ಊಟ ಮಾಡ್ಲಿಕ್ಕೆ ಆಗ್ತದಾ?" ಸರ್ಜನ್ ನಕ್ಕು, "ಟೇಬಲ್ ಇರುವಲ್ಲಿ ಕೂತ್ಕೊಳ್ಳಿ ಅಮ್ಮ" ಎಂದರು. ರೋಬೋಟ್‌ನಲ್ಲಿ ಮಾಡಿದರೂ ಉತ್ತರ ಅದೇ.

ದುಡ್ಡಿನ ಕಾಗದಗಳು

ಇಂಪ್ಲಾಂಟ್‌ಗೆ ಸರ್ಕಾರ ಬೆಲೆಯ ಮಿತಿ ಹಾಕಿದೆ. 2017ರ ಆಗಸ್ಟ್‌ನಲ್ಲಿ ಕೋಬಾಲ್ಟ್ ಕ್ರೋಮಿಯಂನ ಸಾಮಾನ್ಯ ಮಂಡಿಗೆ 54,720 ರೂಪಾಯಿ, ಜಿಎಸ್‌ಟಿ ಬೇರೆ, ಎಂದು ನಿಗದಿಯಾಯಿತು. ಅದಕ್ಕೆ ಮೊದಲು ಒಂದೂವರೆ ಲಕ್ಷ ದಾಟುತ್ತಿತ್ತು. ರೋಬೋಟ್ ಬಳಸಿದ ಚಾರ್ಜಿಗೆ ಈ ಮಿತಿ ತಾಗುವುದಿಲ್ಲ. ಹಾಗಾಗಿ ಎಸ್ಟಿಮೇಟ್ ಅನ್ನು ಒಂದೇ ಮೊತ್ತದಲ್ಲಿ ತೆಗೆದುಕೊಳ್ಳಬೇಡಿ. ಇಂಪ್ಲಾಂಟ್ ಎಷ್ಟು, ರೋಬೋಟ್ ಎಷ್ಟು, ಸಿಟಿ ಎಷ್ಟು, ಒಂದು ಸಲ ಬಳಸಿ ಎಸೆಯುವ ಸಾಮಾನು ಎಷ್ಟು, ಬೇರೆ ಬೇರೆ ಬರೆಸಿಕೊಳ್ಳಿ. ಯಂತ್ರ ಅರ್ಧದಲ್ಲಿ ನಿಂತು ಸಾದಾ ವಿಧಾನದಲ್ಲಿ ಮುಗಿಸಿದರೆ ಆ ಚಾರ್ಜ್ ಬಿಡುತ್ತೀರಾ ಎಂದೂ ಕೇಳಿ. ನಾವು ಕೇಳಿದಾಗ ಟೇಬಲ್‌ನ ಆಚೆ ಸ್ವಲ್ಪ ಹೊತ್ತು ಮೌನ ಇತ್ತು.

ಇನ್ಶೂರೆನ್ಸ್ ಇದ್ದವರು ಪಾಲಿಸಿಯಲ್ಲಿ ರೋಬೋಟಿಕ್ ಸರ್ಜರಿ ಎಂಬ ಸಾಲು ಹುಡುಕಿ. ಇನ್ಶೂರೆನ್ಸ್ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐಯ 2019ರ ನಿಯಮದಂತೆ ಕಂಪನಿಗಳು ಇದನ್ನು ಪೂರ್ತಿ ಹೊರಗಿಡುವಂತಿಲ್ಲ. ಆದರೆ ಇಷ್ಟೇ ಕೊಡುತ್ತೇವೆ ಎಂಬ ಉಪಮಿತಿ ಹಾಕಬಹುದು, ಹಾಕುತ್ತಾರೆ ಕೂಡ. ಆಪರೇಷನ್‌ಗೆ ಮೊದಲೇ ಅನುಮತಿಯನ್ನು ಕಾಗದದಲ್ಲಿ ತೆಗೆದುಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಂಟು. ಅವರು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಉಡುಪಿಯವರಿಗೆ ಅಜ್ಜರಕಾಡು, ಮಂಗಳೂರಿನವರಿಗೆ ವೆನ್ಲಾಕ್. ಯಾರಾದರೂ ಮೇಲಿಂದ ರೋಬೋಟ್ ದುಡ್ಡು ಕೇಳಿದರೆ ಸಹಿ ಹಾಕುವ ಮೊದಲು, ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯಮಿತ್ರರ ಹತ್ತಿರ ಮಾತಾಡಿ.

ಕೊನೆಗೆ ತಿಂಗಳು. ಯಾವ ವಿಧಾನ ಆರಿಸಿದರೂ ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳಿ. ಆಟಿಯಲ್ಲಿ, ಆ ಜಡಿಮಳೆಯ ತಿಂಗಳಲ್ಲಿ, ನಮ್ಮ ಅಂಗಳದ ಕೆಂಪು ಕಲ್ಲಿನ ಮೇಲೆ ಪಾಚಿ ಬೆರಳ ದಪ್ಪ ಕೂತಿರುತ್ತದೆ, ವಾಕರ್‌ನ ರಬ್ಬರ್ ಕಾಲು ಅಲ್ಲಿ ಸರ್ರನೆ ಜಾರುತ್ತದೆ. ನಾವು ದೀಪಾವಳಿ ಮುಗಿಸಿ ಹೋದೆವು. ಆದರೂ ಹಿಂದಿನ ದಿನ ತಮ್ಮ ಅಂಗಳಕ್ಕೆಲ್ಲ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದ್ದ.